ಮಗಳ ಡೆಸ್ಕಿನಲ್ಲಿ ಹತ್ತು ನಿಮಿಷ

ಅಮೆರಿಕದ ಶ್ಯಾಂಟಿಲಿಯ ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲಿ ಮಗಳು ಐಬಿ ಡಿಪ್ಲೊಮಾ ಎಂಬ ಕಷ್ಟದ ಕೋರ್ಸು ಸೇರಿದ್ದಳು. ವರ್ಷಕ್ಕೊಂದು ಸಂಜೆ ಅಪ್ಪ ಅಮ್ಮಂದಿರು ಮಕ್ಕಳ ಡೆಸ್ಕುಗಳಲ್ಲಿ ಕೂತು, ಅವರ ಒಂದೊಂದು ಕ್ಲಾಸನ್ನೂ ಹತ್ತು ನಿಮಿಷ ಕೇಳುವುದು ಅಲ್ಲಿನ ರೂಢಿ. ಒಬ್ಬ ಮೇಷ್ಟ್ರು, “ನಿಮಗೆ ಗೊತ್ತಿರುವುದು ನಿಜವೆಂದು ಹೇಗೆ ಗೊತ್ತು?” ಎಂದು ಕೇಳಿ ಉತ್ತರಕ್ಕೆ ಕಾದರು. ಮೈಸೂರಿನ ನನ್ನ ಪಿಯುಸಿಯಲ್ಲಿ ಇಂಥದ್ದು ಕೇಳಿದರೆ, “ಪರೀಕ್ಷೆಗೆ ಬರಲ್ಲ, ಕೂತ್ಕೋ” ಎನ್ನುತ್ತಿದ್ದರು. ನಾನು ಕೈ ಎತ್ತುವಷ್ಟರಲ್ಲಿ ಬೆಲ್ ಆಯಿತು. ಹೆತ್ತ ಮಗಳ ಮೇಲೇ ಹೊಟ್ಟೆಕಿಚ್ಚಾಯಿತು.

ಮನೆಗೆ ಬಂದು ಆ ಕ್ಲಾಸನ್ನು ಹೊಗಳಿದೆ. “ಸೋ ಬೋರಿಂಗ್, ಅಮ್ಮ. ನಾನು ಅಲ್ಲಿ ಮ್ಯಾತ್ ಹೋಮ್‌ವರ್ಕ್ ಮಾಡ್ತೀನಿ,” ಎಂದಳು ಮಗಳು. ಊಟಕ್ಕೆ ಕೂತಾಗ, ಡಬ್ಬಿಯ ತಳದಲ್ಲಿ ಉಳಿದಿದ್ದ ತುಪ್ಪವನ್ನು ಅವಳಿಗೆ ಬಿಡದೆ ನನ್ನ ಅನ್ನಕ್ಕೇ ಸುರಿದುಕೊಂಡೆ.