ದುರುಗಮ್ಮ ಒತ್ತಿದ ನವೀಕರಣ

ಗುಂಜಹಳ್ಳಿಯ ದುರುಗಮ್ಮನಿಗೆ ದೇವರು ಕೊಟ್ಟ ಆಸ್ತಿ ಎಂದರೆ ಆಕೆಯ ಗಂಟಲು. ದೇವದುರ್ಗದ ಕಡೆಯ ಕುರಿ ಕಾಯುವ ಮನೆತನದ ಮಗಳು, ಲಂಗ ಉಡುವ ವಯಸ್ಸಿನಿಂದಲೇ ಅಪ್ಪನ ಜೊತೆ ಹಿಂಡಿನ ಬೆನ್ನು ಹತ್ತಿದವಳು. ಅಪ್ಪ ಕಲಿಸಿದ್ದು ಒಂದೇ ಕೂಗು. ಮೊದಲು "ಹೋ... ಬಾ ಬಾ ಬಾ" ಎಂದು ಉದ್ದಕ್ಕೆ ಎಳೆಯಬೇಕು, ಆಮೇಲೆ ನಾಲಗೆಯನ್ನು ಅಂಗುಳಕ್ಕೆ ಹಚ್ಚಿ "ಟ್ರ್‌ರ್‌ರ್‌ರ್" ಎಂದು ಗುಡುಗಿಸಬೇಕು. ಬಾ ಅಂತ ಯಾರು ಬೇಕಾದರೂ ಕರೆಯಬಹುದು, ಕುರಿ ತಲೆ ಎತ್ತುವುದು ನಾಲಗೆ ಗುಡುಗಿದಾಗಲೇ. ಮದುವೆಯಾದ ಹೊಸದರಲ್ಲಿ ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಗಂಡ ಗುಂಪಿನೊಳಗೆ ಎಲ್ಲೋ ತಪ್ಪಿಸಿಕೊಂಡ. ಹೆಸರು ಹಿಡಿದು ಕರೆಯುವಂತಿಲ್ಲ, ಗಂಡನ ಹೆಸರು ಬಾಯಲ್ಲಿ ತರುವುದುಂಟೇ? ಸೆರಗು ಬಿಗಿದು ಕುರಿ ಕೂಗನ್ನೇ ಹಾಕಿದಳು. ಬಸ್ ಸ್ಟ್ಯಾಂಡಿಗೆ ಬಸ್ ಸ್ಟ್ಯಾಂಡೇ ತಿರುಗಿ ನೋಡಿತು. ಗಂಡ ಚಹಾದ ಗ್ಲಾಸು ಕೈಯಲ್ಲೇ ಹಿಡಿದುಕೊಂಡು ಓಡಿ ಬಂದ. ಆ ಪುಣ್ಯಾತ್ಮ ಈಗಿಲ್ಲ, ಆದರೆ ಈ ಸಂಗತಿ ಹೇಳಿದಾಗಲೆಲ್ಲ ದುರುಗಮ್ಮ ಅಂದಿನಷ್ಟೇ ನಾಚಿಕೊಳ್ಳುತ್ತಾಳೆ.

ಕಳೆದ ಮಳೆಗಾಲದಲ್ಲಿ ಹೊಲದ ಬದುವಿನಿಂದ ಜಾರಿ ಕಾಲು ಮುರಿದುಕೊಂಡಳು. ಎಲುಬು ಕೂಡಿತು, ಮಗ ರೇವಣಸಿದ್ದನ ಹೆದರಿಕೆ ಮಾತ್ರ ಹೋಗಲಿಲ್ಲ.

"ಯವ್ವಾ, ಇನ್ನ ನೀ ಹೊಲದ ಕಡಿ ಹಾಯಬ್ಯಾಡ. ಮನ್ಯಾಗ ಆರಾಮ ಇರು," ಅಂದ.

ಆರಾಮ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ದುರುಗಮ್ಮನಿಗೆ ಮೈಯೆಲ್ಲ ಉರಿ. ಇತ್ತ ಕುರಿಗಳೂ ರೇವಣಸಿದ್ದನಿಗೆ ಸೊಪ್ಪು ಹಾಕಲಿಲ್ಲ. ಅವನು ನಾಲಗೆ ಗುಡುಗಿಸಲು ಹೋದರೆ ಉಗುಳು ಹಾರುತ್ತಿತ್ತೇ ಹೊರತು ಗುಡುಗು ಬರುತ್ತಿರಲಿಲ್ಲ. ಕಡೆಗೆ ಅವನೇ ಒಂದು ಉಪಾಯ ಹೂಡಿದ. ಮಂಚದ ಮೇಲೆ ಕೂತ ತಾಯಿಯಿಂದ ಕೂಗು ಹಾಕಿಸಿ, ರೆಕಾರ್ಡ್ ಮಾಡಿಕೊಂಡು, ತನ್ನ ಫೋನಿಗೆ ರಿಂಗ್‌ಟೋನ್ ಇಟ್ಟುಕೊಂಡ. ಹೊತ್ತು ಇಳಿಯುವಾಗ ದುರುಗಮ್ಮ ಮನೆಯಿಂದ ಸೊಸೆಯ ಫೋನಿನಲ್ಲಿ ಒಂದು ಮಿಸ್ ಕಾಲ್ ಕೊಡಬೇಕು. ಅತ್ತ ಹೊಲದಲ್ಲಿ ರೇವಣಸಿದ್ದ ಫೋನನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿಯಬೇಕು. ತಾಯಿಯ ದನಿ ಹೊಲವೆಲ್ಲ ಮೊಳಗುತ್ತಲೇ ಬಿಳಿಕಿವಿ ಎಂಬ ಹಿರಿಯ ಕುರಿ ಮುಂದಾಗಿ ಹಿಂಡೆಲ್ಲ ಗುಡುಗುಡು ಬಂದು ಸೇರುತ್ತಿತ್ತು. ಒಂದು ಸಲ ರಾಯಚೂರಿನ ಬಸ್ಸಿನಲ್ಲಿ ಆ ಫೋನು ರಿಂಗಾಗಿ, ಕಂಡಕ್ಟರನೂ ಸೇರಿ ಅರ್ಧ ಬಸ್ಸು ಕಾಲು ಮೇಲೆತ್ತಿ ಕೂತಿತ್ತು, ಕುರಿ ಹೊಕ್ಕವೆಂದು.

ಊರೆಲ್ಲ ಇದನ್ನು ಕೇಳಿ ನಕ್ಕು, ಮಗನ ಬುದ್ಧಿಯನ್ನು ಹೊಗಳಿತು. ದುರುಗಮ್ಮನೂ ನಕ್ಕಳು. ಆದರೆ ದಿನಾ ಸಂಜೆ ಮಿಸ್ ಕಾಲ್ ಕೊಟ್ಟ ಮೇಲೆ ಹೊಲದ ಹಾದಿಯನ್ನೇ ನೋಡುತ್ತ ಕೂರುತ್ತಿದ್ದಳು. ದನಿ ಹೊಲಕ್ಕೆ ಹೋಗಿ ಬರುತ್ತದೆ, ತಾನು ಮಾತ್ರ ಇಲ್ಲೇ. ಮತ್ತೊಮ್ಮೆ ಆ ಹಿಂಡಿನ ನಡುವೆ ನಿಲ್ಲಬೇಕು ಎಂಬುದೊಂದೇ ಆಕೆಯ ಆಸೆ. ಕೇಳಿದಾಗಲೆಲ್ಲ ಮಗ ಕಾಲಿನ ನೆಪ ಮುಂದೆ ಮಾಡುತ್ತಿದ್ದ.

ಹೀಗಿರುವಾಗ ಒಂದು ಮುಂಜಾನೆ, ಚಾರ್ಜಿಗೆ ಹಾಕಿದ್ದ ರೇವಣಸಿದ್ದನ ಫೋನು ಟಿಣ್ ಎಂದಿತು. ರೇವಣಸಿದ್ದ ಕುರಿಗಳಿಗೆ ನೀರು ಕುಡಿಸಲು ಹೋಗಿದ್ದ. ಯರಗೇರಾದ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಸೊಸೆ ಚಂದ್ರಕಲಾ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲೇ ಅದರ ಮೇಲೆ ಬಂದದ್ದನ್ನು ಓದಿದಳು: "ನವೀಕರಣ ಲಭ್ಯವಿದೆ. ಈಗಲೇ ನವೀಕರಿಸಿ."

ನವೀಕರಣ! ದುರುಗಮ್ಮನಿಗೆ ಆ ಶಬ್ದ ಗೊತ್ತು, ಚೆನ್ನಾಗಿ ಗೊತ್ತು. ಹೋದ ವರ್ಷ ಪಿಂಚಣಿ ನಿಂತಾಗ ಆಫೀಸಿನವರು ಹೇಳಿದ್ದು ಇದನ್ನೇ, ನವೀಕರಣ ಆಗಿಲ್ಲ ಅಮ್ಮಾ ಅಂತ. ಆಮೇಲೆ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದ ಮೇಲೆಯೇ ದುಡ್ಡು ಬಂದದ್ದು. ಈ ಸಲ ಅವರೇ ಮನೆಬಾಗಿಲಿಗೆ ಕಳಿಸಿದ್ದಾರೆ, ಬಿಡುವುದುಂಟೇ? ಸೊಸೆ ಬುತ್ತಿ ಕಟ್ಟಲು ಒಳಗೆ ತಿರುಗಿದ್ದೇ ತಡ, ದುರುಗಮ್ಮ ಹೆಬ್ಬೆಟ್ಟನ್ನು ಸೆರಗಿಗೆ ತಿಕ್ಕಿ ಒರೆಸಿ, ರೇಷನ್ ಅಂಗಡಿಯಲ್ಲಿ ಒತ್ತುವ ಹಾಗೆ ಗಟ್ಟಿಯಾಗಿ ಒತ್ತಿ ಹಿಡಿದಳು. ಫೋನು ಕಪ್ಪಾಯಿತು. ನಡುವೆ ಒಂದು ಚಕ್ರ ಗರಗರ ತಿರುಗಿತು.

"ಚಂದ್ರೀ, ಈ ವರ್ಷದ್ದು ಮುಗೀತು ನೋಡು. ಹೆಬ್ಬೆಟ್ಟು ತೊಗೊಂತು," ಅಂದಳು ಹೆಮ್ಮೆಯಿಂದ.

ಚಂದ್ರಕಲಾ ಬಂದು ನೋಡಿ ಹಣೆ ಹಣೆ ಬಡಿದುಕೊಂಡಳು. "ಅಯ್ಯ ಅತ್ತಿ, ಇದು ಪಿಂಚಣಿದಲ್ರೀ, ಫೋನಿಂದು!"

ಆದರೆ ಅದು ಆ ಮನೆಯೊಂದರ ಕಥೆಯಾಗಿರಲಿಲ್ಲ. ಊರಲ್ಲಿ ಮುಕ್ಕಾಲು ಮಂದಿಯ ಕೈಯಲ್ಲಿದ್ದುದು ಅದೇ ಕಂಪನಿಯ ಫೋನು. ಕೆಲವರು ತಿಳಿದು ಒತ್ತಿದ್ದರು, ಕೆಲವರದು ರಾತ್ರಿ ಮಲಗಿದ್ದಾಗ ತಾನೇ ಬದಲಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಊರು ಎರಡು ಪಾಲಾಯಿತು. ಬಾಜೂ ಮನೆಯ ಶಹಜಾದಿ ಬೇಗಂ, ಬಟ್ಟೆ ಹೊಲಿಯುವಾಕೆ, ಕುಣಿದಾಡುತ್ತ ಬಂದಳು.

"ನೋಡ್ರಿ ದುರುಗವ್ವ, ಅಕ್ಷರ ಎಷ್ಟ್ ದೊಡ್ಡದು ಆಗ್ಯಾವ! ಚಸ್ಮಾ ಇಲ್ದ ಓದಾಕತ್ತೀನಿ. ಯಾರು ಮಾಡ್ಯಾರೋ, ಅವರ ಮಕ್ಕಳು ಮರಿ ಚಂದ ಇರಲಿ."

ಆಕೆ ಹೋಗುವಷ್ಟರಲ್ಲಿ ಚಂದ್ರಕಲಾ ಮನೆಯಲ್ಲೇ ಬಿಟ್ಟು ಹೋಗಿದ್ದ ಫೋನಿಗೆ ಮಾನ್ವಿಯಿಂದ ಮಗಳು ನಾಗವೇಣಿಯ ಕರೆ ಬಂತು. ಅಲ್ಲಿ ಬೇರೆಯದೇ ರಾಮಾಯಣ.

"ಯವ್ವಾ, ಮೊದಲ ಮ್ಯಾಲ ಜಗ್ಗಿದ್ರ ಫೋನ್ ಎತ್ತುತಿತ್ತು, ಈಗ ಬಾಜೂಕ ಜಗ್ಗಬೇಕಂತ. ನನಗೇನು ಗೊತ್ತು? ಬೀಗರು ಮಾಡಿದಾಗೆಲ್ಲ ಕಟ್ ಮಾಡೀನಿ. ಬೇಕಂತs ಮಾಡ್ತಾಳ ಅಂತ ಮುಖ ಊದಿಸಿಕೊಂಡು ಕುಂತಾರ. ಹೊಸಾದು ಮಾಡಿದವನ ಕೈ ಸೇದಿ ಹೋಗಲಿ!"

ಹರಸುವವರು ಹರಸಿದರು, ಶಪಿಸುವವರು ಶಪಿಸಿದರು. ಕಟ್ಟೆಯ ಮೇಲೂ ಅದೇ ಪಂಚಾಯಿತಿ. ಚಾರ್ಜು ಈಗ ಸಂಜೆತನಕ ಬರುತ್ತದೆ ಅಂದ ಒಬ್ಬ. ಫೋನಿನ ಮೇಲೆ ರೊಟ್ಟಿ ಬೇಯುವಷ್ಟು ಬಿಸಿಯಾಗಿದೆ ಅಂದ ಇನ್ನೊಬ್ಬ. ಹಳೆಯದೇ ಚಲೋ ಇತ್ತು ಅಂತ ಒಬ್ಬ ಹಿರಿಯ ತೀರ್ಪು ಕೊಟ್ಟ. ಹಿಂದಿನ ಸಲ ಬದಲಾದಾಗಲೂ ಆ ಪುಣ್ಯಾತ್ಮ ಅದನ್ನೇ ಹೇಳಿದ್ದ.

ರೇವಣಸಿದ್ದ ನಡುವೆ ಮನೆಗೆ ಬಂದು ತನ್ನ ಫೋನು ಒಯ್ದಿದ್ದ. ಸಂಜೆಯಾಯಿತು. ಚಂದ್ರಕಲಾ ಕೆಲಸದಿಂದ ಬಂದಳು. ದುರುಗಮ್ಮ ಎಂದಿನಂತೆ ಮಿಸ್ ಕಾಲ್ ಕೊಟ್ಟಳು. ಮರುಗಳಿಗೆಗೆ ರೇವಣಸಿದ್ದನ ಫೋನು ಬಂತು, ದನಿಯಲ್ಲಿ ಅಳು ಬೆರೆತಿತ್ತು.

"ಯವ್ವಾ, ನಿನ್ನ ಕೂಗು ಹೋಗ್ಯಾದ! ಫೋನ್ ಟಿಂವ್ ಟಿಂವ್ ಅಂತ ಪಿಯಾನೋ ಬಾರಸಾಕತ್ತದ. ಕುರಿ ತಲಿ ಎತ್ತವಲ್ವು. ಬಿಳಿಕಿವಿ ಬಾಜೂದವರ ಹತ್ತಿ ಹೊಲಕ್ಕ ಮುಖ ಮಾಡ್ಯಾಳ!"

"ಗಾಬರಿ ಆಗಬ್ಯಾಡ. ಸ್ಪೀಕರಿಗೆ ಹಾಕು, ಇಲ್ಲಿಂದs ಕೂಗ್ತೀನಿ."

ದುರುಗಮ್ಮ ಎದೆಯ ತುಂಬ ಉಸಿರು ಎಳೆದುಕೊಂಡು ಕೂಗಿದಳು. ಮನೆಯ ಮಾಳಿಗೆಯ ಮೇಲಿನ ಪಾರಿವಾಳಗಳು ಹಾರಿದವು.

"ಬಾ ಬಾ ಅನ್ನೋದು ಕೇಳ್ತದ ಯವ್ವಾ, ಹಿಂದಿಂದು ಬರವಲ್ದು! ನಾಲಗಿ ಗುಡುಗಸು!"

"ಗುಡುಗಸಾಕತ್ತೀನಿ ಲೇ! ನಾಲಗಿ ಕಿತ್ತು ಬೀಳೂ ಹಂಗ ಆಗ್ಯಾದ!"

ಮತ್ತೆ ಮತ್ತೆ ಕೂಗಿದಳು. ಬಾ ಬಾ ಎಂಬುದು ಗಾಜಿನಂತೆ ಸ್ವಚ್ಛವಾಗಿ ಹೋಗುತ್ತಿತ್ತು. ಟ್ರ್‌ರ್‌ರ್ ಬರುವ ಜಾಗಕ್ಕೆ ಫೋನು ಗಪ್ ಚುಪ್. ದುರುಗಮ್ಮ ಫೋನನ್ನು ಸೊಸೆಯ ಕೈಗೆ ತುರುಕಿದಳು.

"ಚಂದ್ರೀ, ಗಾಡಿ ತೆಗಿ."

"ಅವರು ಬೈತಾರ್ರೀ ಅತ್ತಿ."

"ಹತ್ತಿ ಹೊಲದವರು ಬೈಯೂದಕಿಂತ ನಮ್ಮವ ಬೈದ್ರ ಚಲೋ. ತೆಗಿ ಬೇ!"

ಚಂದ್ರಕಲಾಳ ಟಿವಿಎಸ್ ಗಾಡಿ ಗುಂಡಿ ತಗ್ಗು ನೋಡದೆ ಓಡಿತು. ಹೊಲದ ಹಾದಿಗೆ ಬಂದದ್ದೇ ದುರುಗಮ್ಮ ಇಳಿದು, ಒಂದು ಕೈಯಿಂದ ಗಾಡಿಯ ಸೀಟು ಹಿಡಿದುಕೊಂಡು, ಇನ್ನೊಂದನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದಳು. ಮುಂಗಾಲು ಹತ್ತಿ ಹೊಲದಲ್ಲಿ ಇಟ್ಟಿದ್ದ ಬಿಳಿಕಿವಿ ಅಲ್ಲೇ ನಿಂತಿತು. ಕಿವಿ ನಿಮಿರಿತು. ಆಮೇಲೆ ನೋಡಬೇಕು ಆ ಓಟ! ಹಿಂಡಿಗೆ ಹಿಂಡೇ ಧೂಳೆಬ್ಬಿಸುತ್ತ, ರೇವಣಸಿದ್ದನನ್ನು ಒಂದು ಕಂಬವೆಂಬಂತೆ ಬಳಸಿ ಹಾಯ್ದು, ಆಕೆಯ ಸುತ್ತ ಮುತ್ತಿಕೊಂಡಿತು. ಬಿಳಿಕಿವಿ ಸೊಂಟದ ಹತ್ತಿರ ಮೂತಿ ತೂರಿಸಿ ಎಲೆ ಅಡಿಕೆಯ ಚೀಲ ಹುಡುಕಿತು. ಕಾಲು ಮುರಿದ ಮೇಲೆ ಹುಟ್ಟಿದ ಮರಿಗಳು ಈಕೆ ಯಾರೆಂದು ಮೂಸಿ ನೋಡಿದವು. ದುರುಗಮ್ಮನಿಗೆ ನಗುವೂ ಬಂತು, ಕಣ್ಣೀರೂ ಬಂತು, ಯಾವುದನ್ನು ಮೊದಲು ಒರೆಸಿಕೊಳ್ಳಬೇಕೋ ತಿಳಿಯಲಿಲ್ಲ. ಇಷ್ಟು ಸಂತೋಷ ಆಕೆಗೆ ಬಹಳ ದಿನದಿಂದ ಆಗಿರಲಿಲ್ಲ.

ಬೈಯಲೆಂದು ಬಂದ ರೇವಣಸಿದ್ದ ತಾಯಿಯ ಮುಖ ನೋಡಿ, ಬೈಯುವುದು ಬಿಟ್ಟು ಕುರಿ ಎಣಿಸತೊಡಗಿದ. ಆದರೆ ಹಟ ಬಿಡಲಿಲ್ಲ. ಮರುದಿನ ಮುಂಜಾನೆಯೇ ಫೋನು ಹಿಡಿದು ಮಂಚದ ಮುಂದೆ ಬಂದು ನಿಂತ.

"ಇನ್ನೊಮ್ಮಿ ಕೂಗು ಯವ್ವಾ. ರೆಕಾರ್ಡ್ ಮಾಡಿಕೋತೀನಿ."

ದುರುಗಮ್ಮ ಎದುರಿನ ಗೋಡೆಗೆ ಕೈ ತೋರಿದಳು. "ಗ್ವಾಡಿ ಮುಂದ ಕುಂತು ಕೂಗು ಅಂದ್ರ ನನಗ ಬಾಯಿ ಬರಂಗಿಲ್ಲ. ಕುರಿ ಮುಂದ ಇದ್ರ ಕೂಗ್ತೀನಿ."

"ಹೋದ ವರ್ಷ ಇದs ಗ್ವಾಡಿ ಮುಂದ ಕೂಗಿದ್ದೆಲ್ಲ?"

"ಆವಾಗ ನವೀಕರಣ ಆಗಿದ್ದಿಲ್ಲ," ಅಂದಳು ದುರುಗಮ್ಮ, ತಂಬಾಕು ತಿಕ್ಕುತ್ತ. ಚಂದ್ರಕಲಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

ಇಡೀ ಊರಿನಲ್ಲಿ ಆ ನವೀಕರಣವನ್ನು ಮನಸಾರೆ ಮೆಚ್ಚಿದವಳು ಈಗ ದುರುಗಮ್ಮನೇ. ಅದು ಕೆಟ್ಟಿದ್ದಕ್ಕೇ ಮೆಚ್ಚಿದಳು. ರೇವಣಸಿದ್ದ ಸಿಟ್ಟು ನುಂಗಿಕೊಂಡು ಬಸ್ಸು ಹತ್ತಿ ರಾಯಚೂರಿಗೆ ಹೋದ, ಗುಡುಸಾಬನ ಮೊಬೈಲ್ ಅಂಗಡಿಗೆ. ಮಧ್ಯಾಹ್ನ ವಾಪಸು ಬಂದವನ ಮುಖ ಅರಳಿತ್ತು.

"ಅಂಗಡಿ ಮುಂದ ಜಾತ್ರಿ ಕೂಡಿದಂಗ ಮಂದಿ, ಯವ್ವಾ. ಹೊಸಾದು ತೆಗದು ಹಳೇದು ಹಾಕು ಅನ್ನಾವರು ಅರ್ಧ, ನನಗಿನ್ನೂ ಹೊಸಾದು ಯಾಕ ಬಂದಿಲ್ಲ ಅಂತ ಜಗಳ ತಗದವರು ಅರ್ಧ. ಗುಡುಸಾಬ ಹುಡುಕಿ ಕೊಟ್ಟ ನೋಡು, ನಿನ್ನ ಕೂಗು ಎಲ್ಲೂ ಹೋಗಿದ್ದಿಲ್ಲ, ಒಳಗ ಬ್ಯಾರೆ ಕಡಿ ಕುಂತಿತ್ತು. ಮತ್ತ ನಿನ್ನೆ ಮಾತಾಡುವಾಗ ಯಾಕ ಬರಲಿಲ್ಲ ಗೊತ್ತೇನು? ಮಾತಿನ ನಡುವಿನ ಗದ್ದಲ ಅಳಸಾಕ ಹೊಸಾದೊಂದು ಇಟ್ಟಾರಂತ. ನಿನ್ನ ನಾಲಗಿ ಗುಡುಗನ್ನ ಅದು ಗದ್ದಲ ಅಂತ ತಿಳದದ."

"ಗದ್ದಲ?" ದುರುಗಮ್ಮ ನೆಟ್ಟಗೆ ಕೂತಳು. "ನಮ್ಮಪ್ಪ ಕಲಿಸಿದ್ದು ಗದ್ದಲ ಏನು? ಅದರ ಬಾಯಾಗ ಮಣ್ಣು ಬೀಳಲಿ!"

ರೇವಣಸಿದ್ದ ನಕ್ಕು, ತಾಯಿಯ ಕೂಗು ಮತ್ತೆ ಮೊಳಗುವುದನ್ನು ಒಂದು ಸಲ ಕೇಳಿಸಿ, ಹಿಂಡಿನ ಕಡೆ ನಡೆದ. ಅವನು ಮರೆಯಾದ ಮೇಲೆ ದುರುಗಮ್ಮನ ಸಿಟ್ಟೆಲ್ಲ ಇಳಿದು ಮನಸ್ಸು ಬರಿದಾಯಿತು. ಫೋನು ಸರಿಯಾಯಿತು ಎಂದರೆ ತನ್ನ ಕೆಲಸ ಮುಗಿಯಿತು. ಒಂದೇ ಒಂದು ಸಂಜೆ ಸಿಕ್ಕಿತ್ತು, ಅಷ್ಟೇ. ಚಂದ್ರಕಲಾ ಕೆಲಸದಿಂದ ಬಂದು ಚಹಾ ಇಟ್ಟರೂ ಕುಡಿಯಲಿಲ್ಲ. ಹೊತ್ತು ಇಳಿಯಿತು. ಕೊಡಲೋ ಬೇಡವೋ ಎಂದು ಬಹಳ ಹೊತ್ತು ಫೋನು ಕೈಯಲ್ಲಿ ಹಿಡಿದು ಕೂತು, ಕುರಿಗಳ ಮೇಲೇಕೆ ಸಿಟ್ಟು ಎಂದುಕೊಂಡು ಕಡೆಗೆ ಮಿಸ್ ಕಾಲ್ ಕೊಟ್ಟಳು.

ಸ್ವಲ್ಪ ಹೊತ್ತಿಗೆ ಮಗನ ಫೋನು ಬಂತು. ಚಂದ್ರಕಲಾ ಬಾಜೂಕೆ ಜಗ್ಗಿ ಅತ್ತೆಯ ಕಿವಿಗೆ ಹಿಡಿದಳು.

"ಯವ್ವಾ, ಫೋನ್ ಸರಿ ಆಗ್ಯಾದ. ಕುರಿ ಸರಿ ಇಲ್ಲ."

"ಏನಾತೋ?"

"ಕೂಗು ಕೇಳಿ ಓಡಿ ಬಂದ್ವು. ಬಿಳಿಕಿವಿ ನನ್ನ ಸುತ್ತ ತಿರುಗಿ ನೋಡಿದಳು, ಫೋನ್ ಮೂಸಿ ನೋಡಿದಳು, ಆಮ್ಯಾಲ ನೀ ನಿನ್ನೆ ಗಾಡಿ ಇಳಿದ ಜಾಗಕ್ಕ ಹೋಗಿ ಹಾದಿ ಕಡಿ ಮುಖ ಮಾಡಿ ನಿಂತಾಳ. ಎಲ್ಲಾವೂ ಹಂಗs ನಿಂತಾವ. ಎಷ್ಟ್ ಬಡಕೊಂಡ್ರೂ ಒಂದೂ ಹಂದಾಡವಲ್ದು. ನೀ ಬಾ."

ದುರುಗಮ್ಮನಿಗೆ ಎದೆ ತುಂಬಿ ಬಂತು. ಆದರೂ ವ್ಯವಹಾರ ಬಿಡುವ ಹೆಂಗಸಲ್ಲ ಆಕೆ.

"ಇವತ್ತೊಂದಿನ ಏನು, ದಿನಾ?"

ಆ ಕಡೆ ಕುರಿಗಳು ಒಂದೇ ಸಮನೆ ಅರಚುತ್ತಿದ್ದವು.

"ದಿನಾ ಬಾ ಯವ್ವಾ," ಅಂದ ರೇವಣಸಿದ್ದ.

ಚಂದ್ರಕಲಾ ಗಾಡಿಯ ಕೀಲಿ ಹುಡುಕಿಕೊಂಡು ಹೊರಗೆ ಬರುವಷ್ಟರಲ್ಲಿ ದುರುಗಮ್ಮ ಕಚ್ಚೆ ಬಿಗಿದು ಗಾಡಿಯ ಹಿಂದಿನ ಸೀಟಿನ ಮೇಲೆ ಕೂತಾಗಿತ್ತು.