ಶೇಠರ ಸಂಜೆಯ ಅಂದಾಜು

ಶೇಠರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಎಂದೋ ಅಂಗಡಿಯ ಷಟರ್ ಅದರ ಮೇಲೆ ಬಿದ್ದಿತ್ತಂತೆ. ಆ ಬೆರಳಿನಿಂದಲೇ ಅವರು ವಿಡಿಯೋ ಗೇಮಿನ ರಿಮೋಟ್ ಒತ್ತುತ್ತಿದ್ದರು, ಮಾವಿನಹಣ್ಣು ಒತ್ತಿ ನೋಡುವವರ ಹಾಗೆ, ಮೆಲ್ಲಗೆ, ಅನುಮಾನದಿಂದ.

ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಹಿಂದೆ ಅವರ ಟಿವಿ, ಮಿಕ್ಸರ್ ಅಂಗಡಿ. ಮೇಲಿನ ಖೋಲಿಯಲ್ಲಿ ನಾನು ಬಾಡಿಗೆಗಿದ್ದೆ; ಕಾಲೇಜಿನಲ್ಲಿ ಪಾಠ, ಆಮೇಲೆ ನಾಲ್ಕು ಗೋಡೆ. ಶೇಠರೂ ಒಂಟಿ. ಹೆಂಡತಿ ತೀರಿಕೊಂಡ ಮೇಲೆ ಅಂಗಡಿಯ ಹಿಂಬದಿಯಲ್ಲೇ ಅಡುಗೆ, ನಿದ್ದೆ. ಜೈನರಾದ್ದರಿಂದ ಹೊತ್ತು ಮುಳುಗುವ ಮೊದಲೇ ಊಟ. ಊರೆಲ್ಲ ಚಹಾ ಕುಡಿಯುವ ಹೊತ್ತಿಗೆ ಅವರ ತಾಟು ತೊಳೆದು ಬೋರಲು ಹಾಕಿ ಆಗಿರುತ್ತಿತ್ತು.

“ಉಂಡ ಮ್ಯಾಲೂ ಹೊರಗ ಬೆಳಕ ಇರ್ತೈತ್ರಿ ಸರ. ಇಷ್ಟ ಉದ್ದ ಸಂಜಿ ತಗೊಂಡ ಏನ್ ಮಾಡೂದು?” ಎನ್ನುತ್ತಿದ್ದರು.

ಮಾಲು ಎಷ್ಟು ಹೋದೀತೆಂದು ಅಂದಾಜು ಹಾಕುವುದರಲ್ಲಿ ಅವರದು ಎತ್ತಿದ ಕೈ. ಬಾಗಿಲಲ್ಲಿ ನಿಂತು, ಫ್ಯಾಕ್ಟರಿಗೆ ಹೋಗುವ ಕಬ್ಬಿನ ಟ್ರ್ಯಾಕ್ಟರ್ ನೋಡಿಯೇ ಈ ಸಲ ಟಿವಿ ಎಷ್ಟು, ಫ್ರಿಜ್ ಎಷ್ಟು ಎಂದು ಹೇಳಿಬಿಡುತ್ತಿದ್ದರು. ಹಾಗಾಗಿ ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮಿನ ಹೊಸ ಯಂತ್ರ ಬರುತ್ತದೆಂದಾಗ ಕೋಲ್ಹಾಪುರದ ಡೀಲರ್ ಅವರಿಗೇ ಫೋನ್ ಮಾಡಿ, ಎಷ್ಟು ಕಳಿಸಲಿ ಎಂದ. ಶೇಠರು ಮರಾಠಿಯಲ್ಲಿ “ಟೆಂಪೋ ಭರೂನ್” ಎಂದುಬಿಟ್ಟರು. ಟೆಂಪೋ ತುಂಬ!

ಅಂಗಡಿಯಲ್ಲಿ ಪಾಲುದಾರನಾಗಿದ್ದ ಅವರ ಅಣ್ಣನ ಮಗ ಹೌಹಾರಿದ. “ಕಾಕಾ, ಹುಡುಗ್ರೆಲ್ಲಾ ಮೊಬೈಲ್‌ದಾಗ ಆಡಾಕತ್ತಾರ. ಇದನ್ಯಾರ ತಗೋತಾರ? ದೀಪಾವಳಿಗೆ ಇವು ಹೋಗಲಿಲ್ಲಂದ್ರ ಟಿವಿ ಎಲ್ಲಾ ತಗದ ಬರೇ ಮೊಬೈಲ್ ಮಾರೂಣು.”

“ಆತು. ಆದ್ರ ಹೋಗ್ತಾವ ನೋಡು. ಮೊಬೈಲ್ ಒಬ್ಬನ್ನ ಮೂಲ್ಯಾಗ ಕುಂಡ್ರಸ್ತೈತಿ. ಇದಕ್ಕ ಎರಡ ರಿಮೋಟ್ ಅದಾವ. ಉಂಡ ಮ್ಯಾಲೆ ಮನಿ ಮಂದಿ ಕೂಡಿ ಕುಂಡ್ರಾಕ ಏನರ ಬೇಕಲ್ಲೊ.”

ದೊಡ್ಡ ಟಿವಿಯ ಮುಂದೆ ಒಂದು ಬೆಂಚು ಹಾಕಿಸಿದರು. ಸಂಜೆಯಾದರೆ ಕೆಳಗಿನಿಂದ ಕೂಗು: “ಸರ, ಖಾಲಿ ಅದೀರೇನ್ರಿ?” ನಾನು ಯಾವಾಗಲೂ ಖಾಲಿಯೇ. ಕಾರಿನ ರೇಸ್ ಆಡುತ್ತಿದ್ದೆವು. ಎಷ್ಟೇ ಮುಂದಿದ್ದರೂ ಶೇಠರು ಕೊನೆಯ ಗೆರೆಯ ಹತ್ತಿರ ಬ್ರೇಕ್ ಒತ್ತಿ ನಿಂತುಬಿಡುವರು. “ಬರ್ರಿ ಸರ, ನಿಂತೀನಿ. ನಾ ಒಬ್ಬನ ಮುಂದ ಹೋಗಿ ಏನ್ ಮಾಡ್ಲಿ?” ಇಂಥ ಆಟಗಾರನ ಜೊತೆ ಸೋಲುವುದಕ್ಕೂ ಅವಕಾಶವಿಲ್ಲ, ನನಗೆ ರೇಗಿಹೋಗುತ್ತಿತ್ತು.

ಆ ವರ್ಷ ಕಬ್ಬು ಚೆನ್ನಾಗಿಯೇ ಬಂತು. ದೀಪಾವಳಿಗೆ ಜನರೂ ಬಂದರು. ಬೆಂಚಿನ ಮೇಲೆ ಕುಳಿತು ಆಡಿದರು, ಹೊಗಳಿದರು, ಮೊಬೈಲ್ ಕೊಂಡು ಹೋದರು. ಆಟದ ಡಬ್ಬಿಗಳು ಇಟ್ಟಲ್ಲೇ ಉಳಿದವು.

“ಎಲ್ಲಿ ತಪ್ಪಿತಂತ ಗೊತ್ತಾತ್ರಿ ಸರ,” ಎಂದರು ಒಂದು ಸಂಜೆ, ರಿಮೋಟ್ ಕೆಳಗಿಟ್ಟು. “ಈ ಸಲ ನಾ ಟ್ರ್ಯಾಕ್ಟರ್ ನೋಡ್ಲಿಲ್ಲ. ನನ್ನ ಸಂಜಿ ನೋಡ್ಕೊಂಡ ಮಾಲ ತರಿಸಿದೆ. ಎಲ್ಲಾರ ಮನ್ಯಾಗೂ ಹಿಂಗ ಹೊತ್ತ ಹೋಗೂದಿಲ್ಲ ಅನ್ಕೊಂಡೆ.”

ನಾನು ರಿಮೋಟ್ ಎತ್ತಿ ಮತ್ತೆ ಅವರ ಕೈಗಿಟ್ಟೆ.

ಅಣ್ಣನ ಮಗ ಹೇಳಿದಂತೆಯೇ ಮಾಡಿದ. ಟಿವಿಗಳು ಹೋದವು, ಡಬ್ಬಿಗಳು ಕೋಲ್ಹಾಪುರಕ್ಕೆ ವಾಪಸಾದವು. ಒಂದು ಯಂತ್ರ, ಒಂದು ಟಿವಿ ಮಾತ್ರ ಶೇಠರು ಬಿಡಲಿಲ್ಲ. ನನ್ನ ಖೋಲಿಗೆ ಏರಿಸಿದರು. ಆಮೇಲೆ ದಿನಾ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬರುತ್ತಿದ್ದರು.

ಮರುವರ್ಷದ ಚಳಿಗಾಲದಲ್ಲಿ ಒಂದು ಸಂಜೆ ಬರಲಿಲ್ಲ. ಕೆಳಗಿಳಿದು ನೋಡಿದರೆ ಗೋಡೆಗೆ ಒರಗಿ ಕುಳಿತಂತೆಯೇ ಹೋಗಿಬಿಟ್ಟಿದ್ದರು. ತಾಟು ತೊಳೆದು ಬೋರಲು ಹಾಕಿತ್ತು.

ಈಗ ನನಗೂ ಬೇಗ ಉಣ್ಣುವ ರೂಢಿಯಾಗಿದೆ. ಉಂಡು, ಇಬ್ಬರ ಆಟವನ್ನೇ ಹಚ್ಚುತ್ತೇನೆ. ಅವರ ಕಾರು ಹೊರಡುವ ಗೆರೆಯ ಮೇಲೆಯೇ ನಿಂತಿರುತ್ತದೆ. ನಾನು ಸುತ್ತು ಹಾಕಿ ಬಂದು ಅದರ ಪಕ್ಕದಲ್ಲಿ ಬ್ರೇಕ್ ಒತ್ತುತ್ತೇನೆ. ಹೊರಗೆ ಇನ್ನೂ ಬೆಳಕಿರುತ್ತದೆ.