ಖಾಲಿ ಬಿಟ್ಟ ಚೌಕಗಳು

ಅಡುಗೆಮನೆಯ ಕಪಾಟಿಗೆ ಹೊಸ ಕಾಗದ ಹಾಸೋಣವೆಂದು ಇವತ್ತು ಹಳೆಯದನ್ನು ಎಳೆದರೆ, ಅದರಡಿಯಿಂದ ಕ್ಯಾಲೆಂಡರಿನ ಹಾಳೆಗಳು ಜಾರಿಬಂದವು. ನಾನು ಗುಳಿಗೆ ನುಂಗಿದ ಪ್ರತಿ ದಿನಕ್ಕೂ ಒಂದು ಕೆಂಪು ಗುರುತು. ಕಾನ್ವೆಂಟಿನಲ್ಲಿ ಕಲಿತವಳ ಅಚ್ಚುಕಟ್ಟು ನೋಡಿ, ಒಂದು ಗುರುತೂ ಚೌಕದ ಗೆರೆ ದಾಟಿಲ್ಲ.

ಕೆಲವು ವರ್ಷಗಳ ಹಿಂದೆ ಕುತ್ತಿಗೆಯ ಗಂಟನ್ನು ಕ್ಷಯವೆಂದು ಹೇಳಿ ಆರು ತಿಂಗಳ ಗುಳಿಗೆ ಬರೆದಿದ್ದರು. ತಪ್ಪಿಸಬಾರದು, ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿದರೆ ಹೆದರಬಾರದು ಎಂದಿದ್ದರು ಡಾಕ್ಟರು. ಹೆದರಲಿಲ್ಲ. ಎರಡನೆಯ ತಿಂಗಳಿಗೆ ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸಿ, ಅರ್ಧ ರೊಟ್ಟಿಯೂ ಇಳಿಯದಾಯಿತು, ಆಗಲೂ ಹೆದರಲಿಲ್ಲ. ನಮ್ಮ ಶಾಲೆಯಲ್ಲಿ ತಟ್ಟೆಯಲ್ಲಿ ಒಂದು ಅಗುಳು ಬಿಟ್ಟರೂ ಅದು ಮುಗಿಯುವವರೆಗೆ ಸಿಸ್ಟರು ಪಕ್ಕದಲ್ಲೇ ನಿಂತಿರುತ್ತಿದ್ದರು. ಈಗಲೂ ನಿಂತಿದ್ದಾರೇನೋ ಎಂಬಂತೆ, ವಾಂತಿ ಮಾಡಿ, ಬಾಯಿ ತೊಳೆದು, ಗುಳಿಗೆ ನುಂಗಿ ಗುರುತು ಹಾಕುತ್ತಿದ್ದೆ. ಮನೆಯವರಿಗೂ ಹೇಳಲಿಲ್ಲ.

ಇಳಕಲ್ಲಿನ ನಮ್ಮ ಓಣಿಯಲ್ಲಿ ಪಕ್ಕದ ಮನೆಯ ಗಂಗವ್ವ ಸೀರೆ ನೇಯುವವರು. ರೇಷ್ಮೆಯ ಬಣ್ಣವನ್ನು ಟ್ಯೂಬ್‌ಲೈಟಿನಲ್ಲಿ ಎಂದೂ ನಂಬಿದವರಲ್ಲ. ನೂಲಿನ ಲಡಿ ಹಿಡಿದು ಅಂಗಳಕ್ಕೇ ಬರಬೇಕು. ಆ ದಿನಗಳಲ್ಲೇ ಒಮ್ಮೆ, ಎರಡು ಹಳದಿ ಲಡಿಗಳಲ್ಲಿ ಯಾವುದು ಚಂದವೆಂದು ಕೇಳಲು ನನ್ನನ್ನು ಕರೆದರು. ನಾನು ಲಡಿ ನೋಡುತ್ತಿದ್ದೆ, ಅವರು ನನ್ನನ್ನು.

"ಅಕ್ಕಾರ, ಇನ್ನೊಂಚೂರು ಬಿಸಲಿಗೆ ಬರ್ರಿ. ಮ್ಯಾಲ ನೋಡ್ರಿ."

ನೋಡಿದೆ.

"ಕಣ್ಣಾಗಿನ ಬಿಳುಪು ಎಲ್ಲಿ ಹೋತ್ರಿ? ನಡ್ರಿ ದವಾಖಾನಿಗೆ."

ಅದು ಗುಳಿಗೆಯ ಬಣ್ಣ, ಡಾಕ್ಟರೇ ಹೇಳಿದ್ದಾರೆ ಎಂದು ವಾದಿಸಿದೆ.

"ಅದು ಉಚ್ಚಿಗೆ ಹೇಳಿದ ಮಾತ್ರಿ, ಕಣ್ಣಿಗಲ್ಲ," ಎಂದವರೇ ಮಗ್ಗ ಬಿಟ್ಟು ಆಟೋ ಕರೆದರು.

ಗುಳಿಗೆಯಿಂದಲೇ ಲಿವರಿಗೆ ಪೆಟ್ಟು ಬಿದ್ದದ್ದು ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು. ಇನ್ನೊಂದು ವಾರ ನುಂಗಿದ್ದರೆ ಜೀವಕ್ಕೇ ಕುತ್ತು ಬರುತ್ತಿತ್ತಂತೆ. ಹಸಿವು ಹೋದರೆ, ವಾಂತಿಯಾದರೆ ಕೂಡಲೇ ಬನ್ನಿ ಎಂದು ಡಾಕ್ಟರು ಕೊಟ್ಟ ಚೀಟಿಯಲ್ಲೇ ಇತ್ತು. ಓದಿದ್ದೆ, ಆದರೆ "ತಪ್ಪಿಸಬಾರದು" ಎಂಬುದರ ಕೆಳಗೆ ಮಾತ್ರ ಗೆರೆ ಎಳೆದಿದ್ದೆ. ಎಲ್ಲ ನಿಲ್ಲಿಸಿ, ಮೂರು ವಾರಕ್ಕೆ ರಕ್ತ ಸರಿಬಂದ ಮೇಲೆ ಒಂದೊಂದೇ ಗುಳಿಗೆ ಮರಳಿ ಕೊಟ್ಟರು. ಗಂಟೂ ಕರಗಿತು, ಲಿವರೂ ಉಳಿಯಿತು.

ಒಂದು ಹಾಳೆಯಲ್ಲಿ ಆ ಮೂರು ವಾರ ಖಾಲಿ. ಆಗ ಆ ಚೌಕಗಳನ್ನು ನೋಡಿ, ಪರೀಕ್ಷೆಗೆ ಗೈರಾದವಳಂತೆ ನಾಚಿದ್ದೆ. ಇವತ್ತು ಉಳಿದವನ್ನೆಲ್ಲ ಹರಿದು, ಅದೊಂದನ್ನು ಹೊಸ ಕಾಗದದ ಕೆಳಗೆ ಜೋಪಾನವಾಗಿ ಇಟ್ಟೆ.

ಮಧ್ಯಾಹ್ನ ಗಂಗವ್ವನ ಮನೆಯಲ್ಲೇ ಊಟ. ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಟ್ಟು, ಸಿಸ್ಟರನ್ನು ಮನಸ್ಸಿನಲ್ಲೇ ಕ್ಷಮೆ ಕೇಳಿ, ಸಾಕ್ರಿ ಎಂದೆ. ಬಡಿಸುತ್ತಿದ್ದ ಗಂಗವ್ವನ ಕೈ ನಿಂತಿತು.

"ಯಾಕ್ರಿ, ಹೊಟ್ಟಿ ತೊಳಸಾಕತ್ತೇತೇನು?"

"ಇಲ್ರಿ, ತುಂಬೇತಿ."

ಆದರೂ ಬಾಗಿಲ ಬಿಸಿಲಿಗೆ ಹೋಗಿ, ಅವರಿಗೆ ಕಣ್ಣು ತೋರಿಸಿಯೇ ಕೈ ತೊಳೆದೆ.